ನಿಕಲ್ ತೊಟ್ಟಿಗೆ ಶಾಖ: ಗ್ಯಾಸೋ, ಕಾಯಿಲೋ, ಹೊಟ್ಟಿನ ಒಲೆಯೋ?

ಪ್ರಶ್ನೆ: ಹಳೆಯ ಜಾವಾ, ಯೆಜ್ಡಿ ಬೈಕುಗಳನ್ನು ಬಿಚ್ಚಿ ಮತ್ತೆ ಕಟ್ಟುವ ಹುಚ್ಚು ನನಗೆ. ದಾವಣಗೆರೆಯಲ್ಲಿ ನಮ್ಮ ಮನೆ ಹಿಂದೆ ತಗಡಿನ ಶೆಡ್ ಇದೆ. ಕಿಕ್ಕರ್, ಬ್ರೇಕ್ ಲಿವರ್, ಬೋಲ್ಟು ಮುಂತಾದ ಸಣ್ಣಪುಟ್ಟ ಸಾಮಾನಿಗೆ ನಿಕಲ್ ಪಾಲಿಶ್ (ದ್ರಾವಣದಲ್ಲಿ ಮುಳುಗಿಸಿ, ಕರೆಂಟು ಹರಿಸಿ ನಿಕಲ್ ಲೇಪ ಕೊಡುವ ಪ್ಲೇಟಿಂಗ್) ಮನೆಯಲ್ಲೇ ಮಾಡಿಕೊಳ್ಳೋಣ ಎಂದು 50 ಲೀಟರ್ ಹಿಡಿಯುವ ಪ್ಲಾಸ್ಟಿಕ್ ತೊಟ್ಟಿ ತಂದಿಟ್ಟಿದ್ದೇನೆ. ದ್ರಾವಣ 55 ಡಿಗ್ರಿ ಬಿಸಿ ಇರಬೇಕಂತೆ. ಮನೆಯಲ್ಲಿ ಬಕೆಟ್ಟಿಗೆ ಹಾಕುವ ಹೀಟರ್ ಕಾಯಿಲ್ ಎರಡಿವೆ. ಒಂದು ಗ್ಯಾಸ್ ಸಿಲಿಂಡರ್ ಹೆಚ್ಚಿಗೆ ಇದೆ. ಮಾಳಿಗೆ ಮೇಲೆ ಸೋಲಾರ್ ಇದೆ. ನಮ್ಮ ಮಾವನವರದು ಮಂಡಕ್ಕಿ ಭಟ್ಟಿ, ಭತ್ತದ ಹೊಟ್ಟು ಬೇಕಾದಷ್ಟು ಸಿಗುತ್ತದೆ. ಇವುಗಳಲ್ಲಿ ಯಾವುದು ಅಗ್ಗ, ಯಾವುದು ಒಳ್ಳೆಯದು?

ಉತ್ತರ: ಅಗ್ಗದ ಲೆಕ್ಕ ಮೊದಲು ಮುಗಿಸಿಬಿಡೋಣ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯೇರಲು ಒಂದು ಕಿಲೋಕ್ಯಾಲೊರಿ ಬೇಕು. ಒಂದು ಯೂನಿಟ್ ಕರೆಂಟೆಂದರೆ 860 ಕಿಲೋಕ್ಯಾಲೊರಿ. ನಿಮ್ಮ 50 ಲೀಟರನ್ನು 25ರಿಂದ 55 ಡಿಗ್ರಿಗೆ ಏರಿಸಲು 1,500 ಕಿಲೋಕ್ಯಾಲೊರಿ, ಅಂದರೆ ಒಂದೂಮುಕ್ಕಾಲು ಯೂನಿಟ್. ಡಿಸೆಂಬರ್ ಬೆಳಿಗ್ಗೆ ನೀರು 16 ಡಿಗ್ರಿಗೆ ಇಳಿದಿದ್ದರೆ ಎರಡೂಕಾಲು ಅನ್ನಿ. ಆಮೇಲೆ ಆ ಬಿಸಿ ಇಳಿಯದಂತೆ ನೋಡಿಕೊಳ್ಳಬೇಕು. ಎರಡಡಿ ಉದ್ದ, ಒಂದಡಿ ಅಗಲದ ಬಾಯಿ ತೆರೆದಿಟ್ಟರೆ 300 ವ್ಯಾಟ್ ಆಸುಪಾಸು ಮೇಲಿಂದಲೇ ಹೋಗುತ್ತದೆ, ಅದರಲ್ಲಿ ಬಹುಪಾಲು ಹಬೆಯಾಗಿ. ನಾಲ್ಕು ತಾಸು ಕೆಲಸ ಮಾಡಿದರೆ ಇನ್ನೊಂದು ಯೂನಿಟ್ ಚಿಲ್ಲರೆ. ದ್ರಾವಣವನ್ನಷ್ಟೇ ಕಾಯಿಸಿದರೆ ಒಟ್ಟು ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಯೂನಿಟ್. ವಾರಕ್ಕೆರಡು ದಿನ ಈ ಕೆಲಸ ಹಿಡಿದರೆ ತಿಂಗಳಿಗೆ 30 ಯೂನಿಟ್. ಗೃಹಜ್ಯೋತಿಯಲ್ಲಿದ್ದು ತಿಂಗಳ ಬಳಕೆ 200ರ ಅಂಚಿನಲ್ಲಿದ್ದರೆ ಮಾತ್ರ ಜೋಪಾನ. ಗೆರೆ ದಾಟಿದ ತಿಂಗಳು ಬೆಸ್ಕಾಂನವರು ಪೂರ್ತಿ ಬಿಲ್ ಕೊಡುತ್ತಾರೆ. ಇಷ್ಟು ಬಿಟ್ಟರೆ ದುಡ್ಡಿನ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿಲ್ಲ. ನೀವು ಹಾಳು ಮಾಡಿಕೊಳ್ಳಬಹುದಾದ ನಿಕಲ್ ದ್ರಾವಣದ ಬೆಲೆ ಮುಂದೆ ಈ ಕರೆಂಟು ಯಾವ ಲೆಕ್ಕ?

ಹಾಗಾಗಿ ಶಾಖ ಎಲ್ಲಿಂದ ಬರುತ್ತದೆ ಎಂದು ಯೋಚಿಸುವ ಮೊದಲು, ಬಿಸಿಯಾದ ಯಾವ ವಸ್ತು ನಿಮ್ಮ ದ್ರಾವಣವನ್ನು ಮುಟ್ಟುತ್ತದೆ ಎಂದು ಯೋಚಿಸಿ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಆದರೆ ಕಲಿತದ್ದು ಒಂದು ತೊಟ್ಟಿ ಕೆಡಿಸಿಕೊಂಡು.

ಹರಿಹರದ ಒಂದು ಕಾರ್ಖಾನೆಯಲ್ಲಿ ಪ್ಲೇಟಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದಾಗ ಒಮ್ಮೆ ಟ್ರಯಲ್ ತೊಟ್ಟಿಯ ಹೀಟರ್ ಸುಟ್ಟುಹೋಯಿತು. ಹೊಸದು ಬರಲು ವಾರ ಬೇಕು. ನಾನು ಜಾಣತನ ಮಾಡಿ, ಮನೆಯಿಂದ ಸ್ನಾನದ ನೀರಿನ ಕಾಯಿಲ್ ತಂದು ಇಳಿಬಿಟ್ಟೆ. ಮೊದಲ ಮೂರು ದಿನ ಕೆಲಸ ಕನ್ನಡಿ ಹಾಗೆ ಬಂತು. ನಾಲ್ಕನೇ ದಿನ ಒಂದು ಲಿವರಿನ ತಿರುವಿನ ಒಳಮೂಲೆ ಕಪ್ಪಗೆ, ಯಾರೋ ಬೀಡಿ ಹೊಗೆ ಹಿಡಿದ ಹಾಗೆ ಕಂಡಿತು. ತೊಳೆದಿದ್ದು ಸಾಲಲಿಲ್ಲವೇನೋ ಅಂದುಕೊಂಡು ಮತ್ತೆ ತೊಳೆಸಿದೆ. ಐದನೇ ದಿನ ಬೋಲ್ಟಿನ ಹಲ್ಲುಗಳ ಸಂದಿಯೆಲ್ಲ ಕಪ್ಪು. ಆಗ ಕಾಯಿಲನ್ನು ಎತ್ತಿ ಬಟ್ಟೆಯಲ್ಲಿ ಒರೆಸಿ ನೋಡಿದರೆ, ಬಾಗಿದ ತುದಿಯಲ್ಲಿ ಬೆಳ್ಳಗಿದ್ದ ಲೇಪ ಹೋಗಿ, ಬೆರಳುಗುರಿನಷ್ಟು ಜಾಗ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ತಾಮ್ರ! ಬಕೆಟ್ ಕಾಯಿಲೆಂದರೆ ತಾಮ್ರದ ಕೊಳವೆ, ಅದರ ಮೇಲೆ ತೆಳ್ಳನೆಯ ನಿಕಲ್ ಲೇಪ. ನಿಕಲ್ ದ್ರಾವಣದ ಪಿಎಚ್ 4ರ ಆಸುಪಾಸು ಇರುತ್ತದೆ, ಅಂದರೆ ಆಮ್ಲೀಯ, ಅದಕ್ಕೆ ಆ ಲೇಪ ಎಷ್ಟು ದಿನ ತಾಳೀತು? ಲೀಟರಿಗೆ 20–30 ಮಿಲಿಗ್ರಾಂ ತಾಮ್ರ ಬೆರೆತರೆ ಸಾಕು, ಕರೆಂಟು ಕಡಿಮೆ ಮುಟ್ಟುವ ಮೂಲೆಗಳೆಲ್ಲ ಕಪ್ಪಾಗುತ್ತವೆ. ನಿಮ್ಮ 50 ಲೀಟರಿನ ಲೆಕ್ಕದಲ್ಲಿ ಒಂದು–ಒಂದೂವರೆ ಗ್ರಾಂ, ಅಂದರೆ ಒಂದು ಸಣ್ಣ ತಂತಿಯ ತುಂಡು. ಸುಕ್ಕುಸುಕ್ಕಾಗಿ ಮಡಿಸಿದ ಕಬ್ಬಿಣದ ತಗಡು ನೇತುಹಾಕಿ, ಚದರ ಡೆಸಿಮೀಟರಿಗೆ 0.2–0.4 ಆಂಪ್‌ನಷ್ಟೇ ಕರೆಂಟ್ ಕೊಟ್ಟು, ಎರಡು ದಿನ ಆ ತಾಮ್ರವನ್ನು ತಗಡಿನ ಮೇಲೆ ಎಳೆದು ತೆಗೆದೆ. ಯಾರಿಗೂ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಹಾಗಾದರೆ ಸ್ಟೀಲ್ ಕಾಯಿಲ್ ಹಾಕಲೇ ಎನ್ನುತ್ತೀರಿ. ಬೇಡ. 1916ರಲ್ಲಿ ಅಮೆರಿಕದ ಆಲಿವರ್ ವಾಟ್ಸ್ ರೂಪಿಸಿದ ದ್ರಾವಣವನ್ನೇ ಇವತ್ತಿಗೂ ಎಲ್ಲರೂ ಅಲ್ಪಸ್ವಲ್ಪ ಬದಲಿಸಿ ಬಳಸುತ್ತಾರೆ. ಲೀಟರಿಗೆ 240–300 ಗ್ರಾಂ ನಿಕಲ್ ಸಲ್ಫೇಟ್, 30–60 ಗ್ರಾಂ ನಿಕಲ್ ಕ್ಲೋರೈಡ್, 30–45 ಗ್ರಾಂ ಬೋರಿಕ್ ಆಮ್ಲ. ಇದರಲ್ಲಿರುವ ಕ್ಲೋರೈಡ್ ಬಿಸಿಯಲ್ಲಿ ಸ್ಟೇನ್‌ಲೆಸ್ ಸ್ಟೀಲನ್ನು ಸೂಜಿ ಚುಚ್ಚಿದ ಹಾಗೆ ತೂತು ಹಾಕುತ್ತದೆ. ಹೊರಗಿಂದ ನೋಡಿದರೆ ಫಳಫಳ ಹೊಳೆಯುತ್ತಲೇ ಇರುತ್ತದೆ; ಒಳಗೆ ನೀರು ಇಳಿದು ಕಾಯಿಲ್ ಶಾರ್ಟ್ ಆದಾಗಲೇ ಗೊತ್ತಾಗುವುದು.

ನಿಕಲ್ ದ್ರಾವಣದೊಳಗೆ ನೇರವಾಗಿ ಇಳಿಸಬಹುದಾದ ಹೀಟರುಗಳು ಮುಖ್ಯವಾಗಿ ಮೂರು. ಟೈಟಾನಿಯಂ ಕವಚದ್ದು, ಕ್ವಾರ್ಟ್ಸ್ ಗಾಜಿನದ್ದು, ಟೆಫ್ಲಾನ್ ಹೊದಿಸಿದ್ದು. ಕ್ವಾರ್ಟ್ಸ್ ಅಗ್ಗ, ಆದರೆ ಕೈಯಿಂದ ಲಿವರ್ ಜಾರಿ ಬಿದ್ದರೆ ಮುಗಿಯಿತು. ಟೆಫ್ಲಾನ್‌ನದು ನಿಧಾನ, ಗಾತ್ರವೂ ದೊಡ್ಡದು. ನನ್ನ ಮತ ಟೈಟಾನಿಯಂಗೆ. ಆದರೆ ಅದನ್ನು ನಿಕಲ್ ಆನೋಡಿಗೂ (ಪ್ಲಸ್ ತಂತಿಗೆ ಕಟ್ಟಿ ಇಳಿಬಿಡುವ ನಿಕಲ್ ಪಟ್ಟಿ) ನಿಮ್ಮ ಸಾಮಾನಿಗೂ ನಡುವೆ ಇಡಬೇಡಿ. ಕರೆಂಟು ಹರಿಯುವ ದಾರಿಯಲ್ಲಿ ಲೋಹದ ಕವಚ ಇದ್ದರೆ ಅದರ ಒಂದು ಬದಿ ಆನೋಡು, ಇನ್ನೊಂದು ಬದಿ ಕ್ಯಾಥೋಡು (ಮೈನಸ್ ತುದಿ) ಆಗಿಬಿಡುತ್ತದೆ. ತಳದಿಂದ ಎರಡಿಂಚು ಮೇಲಿರಲಿ, ಕೆಸರಿನಲ್ಲಿ ಹೂತರೆ ಅಲ್ಲೇ ಸುಡುತ್ತದೆ. ಮುಂದೆ ಅಲ್ಯೂಮಿನಿಯಂ ಕೆಲಸಕ್ಕೆ ಫ್ಲೋರೈಡ್ ಇರುವ ಆಮ್ಲವೇನಾದರೂ ಬಳಸಿದರೆ ಆ ತೊಟ್ಟಿಗೆ ಕ್ವಾರ್ಟ್ಸೂ ನಡೆಯದು, ಟೈಟಾನಿಯಮ್ಮೂ ನಡೆಯದು, ಎರಡನ್ನೂ ಅದು ತಿನ್ನುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ನೇರ ಹೀಟರಿನ ದೊಡ್ಡ ಭಯ ಬೇರೆಯೇ ಇದೆ. ಬಿಸಿ ತೊಟ್ಟಿಯಿಂದ ತಾಸಿಗೆ ಕಾಲು ಲೀಟರಿಗೂ ಹೆಚ್ಚು ನೀರು ಆವಿಯಾಗುತ್ತದೆ. ಊಟಕ್ಕೆ ಹೋಗಿ, ಯಾರೋ ನೆಂಟರು ಬಂದು, ಮಾತಿಗೆ ಕೂತು, ಸ್ವಿಚ್ ಆರಿಸುವುದು ಮರೆತರೆ, ರಾತ್ರಿಯೆಲ್ಲ ಮಟ್ಟ ಇಳಿದು ಹೀಟರಿನ ಕಾಯುವ ಭಾಗ ಗಾಳಿಗೆ ಬೀಳುತ್ತದೆ. ಆಮೇಲೆ ಅದು ಕೆಂಡ. ಪಕ್ಕದಲ್ಲೇ ಪ್ಲಾಸ್ಟಿಕ್ ಗೋಡೆ. ಪ್ಲೇಟಿಂಗ್ ಕಾರ್ಖಾನೆಗಳಿಗೆ ಬೆಂಕಿ ಬೀಳುವುದಕ್ಕೆ ಇದು ತೀರಾ ಹಳೆಯ ಕಾರಣ. ತೊಟ್ಟಿಗೆ ಬಳಸುವ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಹೊತ್ತಿದರೆ ಮೇಣದ ಹಾಗೆ ಕರಗಿ ಹನಿಹನಿಯಾಗಿ ಉರಿಯುತ್ತದೆ. ಆದ್ದರಿಂದ ಟೈಟಾನಿಯಂ ಹೀಟರ್ ಕೊಂಡರೆ ಮಟ್ಟ ಇಳಿದ ತಕ್ಷಣ ಕರೆಂಟು ಕಡಿಯುವ ಫ್ಲೋಟ್ ಸ್ವಿಚ್ಚನ್ನೂ ಅದರ ಜೊತೆಯಲ್ಲೇ ಕೊಳ್ಳಿ. ಫ್ಲೋಟ್ ಸ್ವಿಚ್ಚಿಗೆ ದುಡ್ಡಿಲ್ಲವೆಂದರೆ ಹೀಟರಿಗೂ ದುಡ್ಡಿಲ್ಲ ಎಂದು ತಿಳಿಯಿರಿ.

ಗ್ಯಾಸಿನ ಮಾತು ಬೇಗ ಮುಗಿಯುತ್ತದೆ. ಬೆಂಕಿಯ ಮೇಲೆ ಇಡಬೇಕೆಂದರೆ ಲೋಹದ ತೊಟ್ಟಿ ಬೇಕು. ಸಾಮಾನ್ಯವಾಗಿ ಸಿಗುವ ಯಾವ ಲೋಹದ ತೊಟ್ಟಿಯನ್ನೂ ನಿಕಲ್ ದ್ರಾವಣ ಸುಮ್ಮನೆ ಬಿಡುವುದಿಲ್ಲ. ಮೇಲಾಗಿ ಮನೆಯ 14.2 ಕಿಲೋ ಸಿಲಿಂಡರ್ ಕೊಟ್ಟಿರುವುದು ಅಡುಗೆಗೆ. ಶೆಡ್ಡಿನಲ್ಲಿ ಬೇರೆ ಕೆಲಸಕ್ಕೆ ಹಚ್ಚುವುದು ನಿಯಮಕ್ಕೆ ವಿರುದ್ಧ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಶೆಡ್ಡಿನ ನೆಲದಲ್ಲೇ ಕೆರೆಯ ಹಾಗೆ ನಿಲ್ಲುತ್ತದೆ. ನೀವು ಸಾಮಾನು ತೊಳೆಯಲು ಪೆಟ್ರೋಲೋ ಸೀಮೆಎಣ್ಣೆಯೋ ಅಲ್ಲೇ ಇಟ್ಟಿರುತ್ತೀರಿ ಬೇರೆ. ಆ ಹೆಚ್ಚಿಗೆ ಸಿಲಿಂಡರ್ ಅಡುಗೆಮನೆಗೆ ಹೋಗಲಿ.

ಈಗ ನಿಮ್ಮ ಮಾವನವರ ಹೊಟ್ಟು. ದಾವಣಗೆರೆಯವರಿಗೆ ಹೊಟ್ಟಿನ ಬೆಂಕಿ ಏನೆಂದು ನಾನು ಹೇಳಬೇಕಿಲ್ಲ, ಮಂಡಕ್ಕಿ ಭಟ್ಟಿಯ ಓಣಿಯಲ್ಲಿ ಒಮ್ಮೆ ನಡೆದು ಬಂದರೆ ಬಿಳಿ ಅಂಗಿಯೇ ಹೇಳುತ್ತದೆ. ಕಿಲೋ ಹೊಟ್ಟಿನಲ್ಲಿ ಸುಮಾರು 3,000 ಕಿಲೋಕ್ಯಾಲೊರಿ ಶಾಖವಿದೆ, ಅದು ದೊಡ್ಡ ವಿಷಯವೇ. ಆದರೆ ಐದರಲ್ಲೊಂದು ಪಾಲು ಬೂದಿ, ಆ ಬೂದಿಯಲ್ಲಿ ಹೆಚ್ಚಿನದು ಸಿಲಿಕಾ. ಹಾರಿ ಬಂದ ಒಂದು ಕಣ ನಿಕಲ್ ತೊಟ್ಟಿಗೆ ಬಿದ್ದರೆ, ಸಾಮಾನಿನ ಮೇಲ್ಮುಖದಲ್ಲಿ ಕೂತು, ಅದರ ಮೇಲೇ ನಿಕಲ್ ಕಟ್ಟಿಕೊಳ್ಳುತ್ತದೆ. ಲಿವರನ್ನು ಎತ್ತಿ ಹೆಬ್ಬೆರಳಾಡಿಸಿ ನೋಡಿ: ಕೆಳಭಾಗ ಬೆಣ್ಣೆ, ಮೇಲ್ಭಾಗ ಮರಳುಕಾಗದ. ಆದ್ದರಿಂದ ಶೆಡ್ಡಿನೊಳಗೆ ಹೊಟ್ಟಿನ ಒಲೆ ಬೇಡವೇ ಬೇಡ.

ಹೊರಗೆ ಮಾತ್ರ ಅದಕ್ಕೆ ಒಳ್ಳೆಯ ಕೆಲಸವಿದೆ. ನಿಮ್ಮ ಪತ್ರದಲ್ಲಿ ಬರೀ ನಿಕಲ್ ತೊಟ್ಟಿಯ ವಿಷಯ ಇದೆ, ಸೋಡಾ ತೊಟ್ಟಿಯ ಸುದ್ದಿಯೇ ಇಲ್ಲ. ಗ್ರೀಸು, ಎಣ್ಣೆ ಹೋಗದ ಸಾಮಾನಿನ ಮೇಲೆ ನಿಕಲ್ ಹಿಡಿಯುವುದಿಲ್ಲ, ಹಿಡಿದರೂ ಸಿಪ್ಪೆ ಸುಲಿದ ಹಾಗೆ ಏಳುತ್ತದೆ. ಅದಕ್ಕೆ ವಾಷಿಂಗ್ ಸೋಡಾ, ಸ್ವಲ್ಪ ಕಾಸ್ಟಿಕ್ ಸೋಡಾ ಹಾಕಿದ ನೀರು 70–80 ಡಿಗ್ರಿಗೆ ಕಾಯಬೇಕು. ಈ ನೀರು ಕಬ್ಬಿಣವನ್ನು ತಿನ್ನುವುದಿಲ್ಲ. ದಪ್ಪ ಕಬ್ಬಿಣದ ತಗಡಿನ ಡಬ್ಬ ಇಟ್ಟು, ಕೆಳಗೆ ಹೊಟ್ಟು ಉರಿಸಿ, ಬೂದಿ ಬಿದ್ದರೂ ತೊಳೆದುಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಅಲ್ಲಿ ತರಬೇಡಿ. ಬಿಸಿ ಕಾಸ್ಟಿಕ್‌ನಲ್ಲಿ ಅದು ನೊರೆಯುಕ್ಕಿಸಿ ಕರಗುತ್ತದೆ, ಹೊರಬರುವುದು ಹೈಡ್ರೋಜನ್. ಕಾರ್ಬ್ಯುರೇಟರ್ ಬಾಡಿಯನ್ನು ಮರೆತು ಅದರಲ್ಲಿ ಅದ್ದಿದವರ ಮುಖ ನಾನು ನೋಡಿದ್ದೇನೆ. ಕಾಸ್ಟಿಕ್ ಹರಳನ್ನು ತಣ್ಣೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಕರಗಿಸಿ, ಆಮೇಲೆ ಒಲೆ ಹಚ್ಚಿ. ಕಾದ ನೀರಿಗೆ ಸುರಿದರೆ ಅದು ಸಿಡಿದು ಕಣ್ಣಿಗೆ ಬರುತ್ತದೆ. ಕನ್ನಡಕ ಹಾಕದೆ ಆ ಡಬ್ಬದ ಹತ್ತಿರ ಬಗ್ಗಬೇಡಿ. ಮತ್ತೆ, ಸೋಡಾ ನೀರಿಗೆ ಕರೆಂಟು ಕೊಟ್ಟು ತೊಳೆಯುವ ಪದ್ಧತಿಯೂ ಉಂಟು. ಹಾಗೆ ಮಾಡುವಾಗ ನೊರೆಯ ತುಂಬ ಹೈಡ್ರೋಜನ್, ಆಕ್ಸಿಜನ್ ಎರಡೂ ಸೇರಿ ಕೂತಿರುತ್ತವೆ. ಅದನ್ನು ಮಾಡುವುದಾದರೆ ಮೊದಲು ಬೆಂಕಿ ಪೂರ್ತಿ ಆರಿರಬೇಕು.

ಇನ್ನು ನಿಕಲ್ ತೊಟ್ಟಿಗೆ ನಾನು ಹೇಳುವ ಉಪಾಯ ನಿಮ್ಮ ಅಡುಗೆಮನೆಯಲ್ಲೇ ಇದೆ. ಇಡ್ಲಿಯನ್ನು ಯಾರೂ ಬೆಂಕಿಯ ಮೇಲೆ ಬೇಯಿಸುವುದಿಲ್ಲ. ಕೆಳಗೆ ನೀರು, ಮೇಲೆ ತಟ್ಟೆ. ನಿಮ್ಮ ತೊಟ್ಟಿಯನ್ನು ಅದಕ್ಕಿಂತ ದೊಡ್ಡ ಇನ್ನೊಂದು ತೊಟ್ಟಿಯೊಳಗೆ ಕೂರಿಸಿ, ನಡುವಿನ ಜಾಗಕ್ಕೆ ಸುಮಾರು 40 ಲೀಟರ್ ಬರೀ ನೀರು ತುಂಬಿ, ಆ ನೀರನ್ನು ಕಾಯಿಸಿ. ಹೊರನೀರಿನಲ್ಲಿ ನಿಮ್ಮ ಬಕೆಟ್ ಕಾಯಿಲ್ ಧಾರಾಳವಾಗಿ ನಡೆಯುತ್ತದೆ. ಅದರಿಂದ ತಾಮ್ರ ಬಿಟ್ಟರೂ ಬಿಡಲಿ, ನಿಕಲ್ಲಿಗೆ ಅದು ತಲುಪುವುದಿಲ್ಲ. ಹೊರತೊಟ್ಟಿ ಕಬ್ಬಿಣದ ಡ್ರಮ್ಮಾದರೂ ಸರಿ, ಜಿಐ ಟಬ್ಬಾದರೂ ಸರಿ. ನಿಕಲ್ ದ್ರಾವಣದ ಹೊಳಪು ಕೊಡುವ ರಾಸಾಯನಿಕಗಳು ಕಾದ ಕೊಳವೆಗೆ ತಾಗಿ ಕೆಡುವ ಕಾಟವೂ ತಪ್ಪುತ್ತದೆ. ಚಳಿಗಾಲದ ಬೆಳಿಗ್ಗೆ ತಳದಲ್ಲಿ ಬೋರಿಕ್ ಆಮ್ಲ ಬಿಳಿ ಹರಳುಕಟ್ಟಿ ಕೂತಿರುತ್ತದಲ್ಲ, ಅದೂ ಸುತ್ತಲಿನ ಹದವಾದ ಬಿಸಿಗೆ ತಾನೇ ಕರಗುತ್ತದೆ.

ಇದಕ್ಕೂ ಒಂದು ಸೋಮಾರಿತನ ಇದೆ, ಮುಚ್ಚಿಡುವುದಿಲ್ಲ. ಪ್ಲಾಸ್ಟಿಕ್ ಗೋಡೆ ಶಾಖವನ್ನು ಬೇಗ ಒಳಗೆ ಬಿಡುವುದಿಲ್ಲ. ಹೊರನೀರು 75 ಡಿಗ್ರಿ ಇದ್ದರೇ ಒಳಗಿನದು ಚುರುಕಾಗಿ 55ಕ್ಕೆ ಬರುವುದು. ಗೋಡೆ 3 ಮಿಲಿಮೀಟರ್ ಇದ್ದರೆ, 1.5 ಕಿಲೋವ್ಯಾಟ್ ಕಾಯಿಲ್ ಹಾಕಿದರೆ, ತಣ್ಣೀರಿನಿಂದ ಶುರು ಮಾಡಿ ಮೂರು ತಾಸು ಹಿಡಿಯುತ್ತದೆ. ಗೋಡೆ ದಪ್ಪವಿದ್ದರೆ ಇನ್ನೂ ಹೆಚ್ಚು. ಹೊರನೀರೂ ಕಾಯಬೇಕಲ್ಲ, ಮೊದಲು ಹೇಳಿದ ಲೆಕ್ಕಕ್ಕೆ ದಿನಕ್ಕೆ ಎರಡು ಯೂನಿಟ್ ಚಿಲ್ಲರೆ ಸೇರಿಸಿಕೊಳ್ಳಿ. ಇಲ್ಲಿಯೇ ನಿಮ್ಮ ಸೋಲಾರ್ ಉಪಯೋಗಕ್ಕೆ ಬರುವುದು. ಮಾಳಿಗೆಯಿಂದ 60 ಡಿಗ್ರಿಯ 40 ಲೀಟರ್ ನೀರು ಇಳಿಸಿದರೆ, ಅದೊಂದೇ ದ್ರಾವಣವನ್ನು 40 ಡಿಗ್ರಿ ಹತ್ತಿರಕ್ಕೆ ತಂದುಬಿಡುತ್ತದೆ, ಉಳಿದ 15 ಡಿಗ್ರಿ ಕಾಯಿಲ್ ನೋಡಿಕೊಳ್ಳುತ್ತದೆ. ಕಾಯಿಲನ್ನು ಮೊದಲಿನಿಂದಲೇ ಹಚ್ಚಿಟ್ಟರೆ ಒಂದು ತಾಸು ಉಳಿತಾಯ. ಮೋಡ ಮುಸುಕಿದ ಶ್ರಾವಣದಲ್ಲಿ ಬೇಕಾದರೆ ಅಂಗಳದ ಹೊಟ್ಟಿನ ಒಲೆಯಲ್ಲಿ ಹಂಡೆ ನೀರು ಕಾಯಿಸಿ ತಂದು ಸುರಿಯಿರಿ. ಹಾಗೆ ಮಾವನವರ ಹೊಟ್ಟೂ ಸಲ್ಲುತ್ತದೆ, ಬೂದಿಯೂ ಹೊರಗೇ ಉಳಿಯುತ್ತದೆ.

ತೊಟ್ಟಿ ತಂದಿದ್ದೇನೆ ಅಂದಿರಿ, ಯಾವ ಪ್ಲಾಸ್ಟಿಕ್ಕಿನದು ಎಂದು ಬರೆದಿಲ್ಲ. ಬುಡ ಮೇಲೆ ಮಾಡಿ ನೋಡಿ, ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 5 ಇದ್ದರೆ ಪಾಲಿಪ್ರೊಪಿಲೀನ್, 75 ಡಿಗ್ರಿಯ ನೀರಲ್ಲಿ ಕೂರಿಸಬಹುದು. 2 ಇದ್ದರೆ ನೀಲಿ ಡ್ರಮ್ಮಿನ ಜಾತಿ, 60 ದಾಟಿದರೆ ಹೊಟ್ಟೆ ಉಬ್ಬಿಸಿಕೊಂಡು ಬಾಗುತ್ತದೆ. ಅದನ್ನು ತಣ್ಣನೆಯ ತೊಳೆನೀರಿಗೆ ಇಟ್ಟುಕೊಳ್ಳಿ. ಒಳತೊಟ್ಟಿಯ ಕೆಳಗೆ ಎರಡು ಇಟ್ಟಿಗೆ ಇಟ್ಟು ನೀರು ಅಡಿಯಲ್ಲೂ ಸುತ್ತುವ ಹಾಗೆ ಮಾಡಿ. ಕಾಯಿಲ್ ಪ್ಲಾಸ್ಟಿಕ್ ಗೋಡೆಯಿಂದ ಒಂದು ಗೇಣಾದರೂ ದೂರ ಇರಲಿ. ದ್ರಾವಣ ತುಂಬದೆ ಮೊದಲೇ ಹೊರಗೆ ನೀರು ಬಿಟ್ಟರೆ ತೊಟ್ಟಿ ದೋಣಿಯ ಹಾಗೆ ತೇಲಿ ಮಗುಚುತ್ತದೆ, ನಗಬೇಡಿ, ಆಗಿದೆ. ಇನ್ನೊಂದು ಅನುಕೂಲವನ್ನು ನಾನು ಆಮೇಲೆ ಕಂಡುಕೊಂಡೆ. ಒಳತೊಟ್ಟಿ ಎಲ್ಲಾದರೂ ಬಿರುಕುಬಿಟ್ಟರೆ ಹೊರನೀರು ತಿಳಿಹಸಿರಾಗುತ್ತದೆ. ನೆಲಕ್ಕೆ ಸೋರುವ ಮೊದಲೇ ಗೊತ್ತಾಗುತ್ತದೆ.

ಕರೆಂಟಿನ ಕೆಲಸ ನೀವೇ ಮಾಡಬೇಡಿ, ಗೊತ್ತಿರುವ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಿ. 1.5 ಕಿಲೋವ್ಯಾಟಿಗೆ ಆರೂವರೆ ಆಂಪ್ ಎಳೆಯುತ್ತದೆ, 16 ಆಂಪ್ ಸಾಕೆಟ್ಟು, ಸರಿಯಾದ ಅರ್ಥಿಂಗ್, ಕರೆಂಟು ಸೋರಿದ ತಕ್ಷಣ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇರಲೇಬೇಕು. ಹೊರತೊಟ್ಟಿ ಲೋಹದ್ದಾದರೆ ಅದಕ್ಕೂ ಅರ್ಥ್ ಕೊಡಿಸಿ. ಬಾತ್‌ರೂಮಿನಲ್ಲಿ ಕಾಯಿಲ್ ಹಾಕಿ ಬಕೆಟ್ಟಿಗೆ ಕೈ ಹಾಕುವುದಿಲ್ಲ, ಸ್ವಿಚ್ ಆರಿಸುತ್ತೀರಿ ತಾನೇ? ಇಲ್ಲಿ ನೀವು ತಾಸುಗಟ್ಟಲೆ ಒದ್ದೆ ಕೈಯಲ್ಲಿ ತಾಮ್ರದ ಕೊಕ್ಕೆ ಹಿಡಿದು ಅದರ ಪಕ್ಕದಲ್ಲೇ ನಿಂತಿರುತ್ತೀರಿ. ಬಿಸಿ ನೋಡಿ ತಾನೇ ಹಚ್ಚಿ ಆರಿಸಲು ಮಾರುಕಟ್ಟೆಯಲ್ಲಿ ಸಿಗುವ ಸಣ್ಣ ಡಿಜಿಟಲ್ ಥರ್ಮೋಸ್ಟಾಟ್ ಸಾಕು, ಆದರೆ ಅದರೊಳಗಿನ ಪುಟ್ಟ ಸ್ವಿಚ್ಚಾದ ರಿಲೇಯಿಂದ ಕಾಯಿಲನ್ನು ನೇರವಾಗಿ ಓಡಿಸಬೇಡಿ. ದಿನಕ್ಕೆ ನೂರು ಸಲ ಹಚ್ಚಿ ಆರಿಸಿ ಅದರ ಕಾಂಟ್ಯಾಕ್ಟ್ ಒಂದು ದಿನ ಅಂಟಿಕೊಳ್ಳುತ್ತದೆ, ಆಮೇಲೆ ಆರುವುದೇ ಇಲ್ಲ. ನಡುವೆ ಒಂದು ಕಾಂಟ್ಯಾಕ್ಟರ್ (ಹೆಚ್ಚು ಕರೆಂಟು ತಾಳುವ ಗಟ್ಟಿ ಸ್ವಿಚ್) ಹಾಕಿಸಿ. ಥರ್ಮೋಸ್ಟಾಟಿನ ಬಿಸಿ ಅಳೆಯುವ ಕಡ್ಡಿ ಗಾಜಿನ ಕೊಳವೆಯೊಳಗೆ ಒಳದ್ರಾವಣದಲ್ಲಿರಲಿ, ಹೊರನೀರಿಗೆ ಇನ್ನೊಂದು ಥರ್ಮೋಸ್ಟಾಟ್ ಇಟ್ಟು 78ಕ್ಕೆ ಕಡಿಯುವ ಹಾಗೆ ಕಟ್ಟಿ. ಹೊರನೀರೂ ಆವಿಯಾಗುತ್ತದೆ, ಅಲ್ಲೂ ಫ್ಲೋಟ್ ಸ್ವಿಚ್ ಬೇಕು.

ನೀರಿನ ಮಾತು ಬಂತಲ್ಲ, ಒಳತೊಟ್ಟಿಯಲ್ಲಿ ಕಡಿಮೆಯಾದ ನೀರನ್ನು ಬೋರ್‌ವೆಲ್ ನೀರಿನಿಂದ ತುಂಬಿಸಬೇಡಿ. ನಮ್ಮ ದಾವಣಗೆರೆ–ಚಿತ್ರದುರ್ಗ ಕಡೆಯ ಬೋರಿನ ನೀರು ಎಷ್ಟು ಗಡಸೆಂದು ನಿಮ್ಮ ಮನೆಯ ಕಾಯಿಲಿನ ಮೇಲೆ ಕಟ್ಟಿದ ಬಿಳಿ ಪದರವೇ ಹೇಳುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಅದರ ಸುಣ್ಣ ಹೋಗುವುದಿಲ್ಲ. ಪ್ರತಿ ಸಲ ತುಂಬಿಸಿದಾಗಲೂ ಸುಣ್ಣ ಸೇರುತ್ತಾ ಸೇರುತ್ತಾ, ದ್ರಾವಣದ ಸಲ್ಫೇಟಿನ ಜೊತೆ ಕೂಡಿ ಕ್ಯಾಲ್ಸಿಯಂ ಸಲ್ಫೇಟ್ ಆಗಿ ಸೂಜಿಯಂಥ ಹರಳು ಬೀಳುತ್ತದೆ. ವಿಚಿತ್ರವೆಂದರೆ ಇದು ಬಿಸಿ ಹೆಚ್ಚಾದಷ್ಟೂ ಹೆಚ್ಚು ಬೀಳುವ ಜಾತಿಯ ಹರಳು. ಮತ್ತೆ ಅದೇ ಮರಳುಕಾಗದ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಅಥವಾ ಆರ್‌ಒ ನೀರು ಹಾಕಿ. ಪಾಲಿಪ್ರೊಪಿಲೀನಿನ ಟೊಳ್ಳು ಚೆಂಡುಗಳು ಸಿಗುತ್ತವೆ, ಅವುಗಳನ್ನು ದ್ರಾವಣದ ಮೇಲೆ ತೇಲಿಬಿಟ್ಟರೆ ಆವಿ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ. ಸಾಮಾನು ಇಳಿಸುವಾಗ ತಾವೇ ಸರಿದು ದಾರಿ ಬಿಡುತ್ತವೆ.

ಕೇಳದಿದ್ದರೂ ಎರಡು ಮಾತು. ನಿಕಲ್ ಚೆನ್ನಾಗಿ ಬಂದ ಮೇಲೆ ಅದರ ಮೇಲೊಂದು ಕ್ರೋಮ್ ಹಾಕುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಮನೆಯಲ್ಲಿ ಬೇಡ. ಕ್ರೋಮ್ ತೊಟ್ಟಿಯಿಂದ ಏಳುವ ಮಂಜಿನಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ನಿಕಲ್ಲಿನ ಉಪ್ಪುಗಳೂ ಸಾಧುವಲ್ಲ, ಕೈಗವಸಿಲ್ಲದೆ ಮುಟ್ಟಿದರೆ ತುರಿಕೆ ಶುರುವಾಗಿ ಜನ್ಮವಿಡೀ ಬಿಡದು. ಶೆಡ್ಡಿನ ಎರಡೂ ಕಡೆ ಗಾಳಿ ಆಡಲಿ. ತೊಳೆದ ಹಸಿರು ನೀರನ್ನು ಚರಂಡಿಗೆ ಬಿಡಬೇಡಿ, ಡಬ್ಬದಲ್ಲಿ ಕೂಡಿಡಿ. ಆವಿಯಾದ ಜಾಗ ತುಂಬಿಸಲು ಮೊದಲ ತೊಳೆನೀರೇ ಒಳ್ಳೆಯದು, ಅದೂ ಆರ್‌ಒ ನೀರಿನದ್ದಾಗಿದ್ದರೆ. ಸ್ನೇಹಿತರ ಬೈಕಿನ ಸಾಮಾನನ್ನು ದುಡ್ಡಿಗೆ ಮಾಡಿಕೊಡಲು ಹೊರಟರೆ ಅದು ಹವ್ಯಾಸವಲ್ಲ, ಕಸುಬು. ಆಗ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ಮನೆಯ ಮೀಟರಿನಲ್ಲಿ ನಡೆಸುವ ಹಾಗೂ ಇಲ್ಲ.

ಎಲ್ಲ ಜೋಡಿಸಿದ ಮೇಲೆ ತಕ್ಷಣ ನಿಕಲ್ ದ್ರಾವಣ ಸುರಿಯಬೇಡಿ. ಒಂದು ಭಾನುವಾರ ಒಳಗೂ ಹೊರಗೂ ಬರೀ ನೀರು ತುಂಬಿ ಬೆಳಿಗ್ಗೆಯಿಂದ ಸಂಜೆಯವರೆಗೆ ಓಡಿಸಿ. ಅರ್ಧ ತಾಸಿಗೊಮ್ಮೆ ಎರಡೂ ಕಡೆಯ ಡಿಗ್ರಿ ನೋಡಿ ಶೆಡ್ಡಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯುತ್ತಾ ಹೋಗಿ. 55ಕ್ಕೆ ಎಷ್ಟು ಹೊತ್ತಿಗೆ ಬಂತು, ಮುಚ್ಚಳ ತೆಗೆದರೆ ಎಷ್ಟು ಇಳಿಯಿತು, ಸಂಜೆಗೆ ನೀರಿನ ಮಟ್ಟ ಎಷ್ಟು ಬೆರಳು ಕೆಳಗೆ ಹೋಯಿತು, ಎಲ್ಲವನ್ನೂ ಬರೆದಿಡಿ. ಫ್ಲೋಟ್ ಸ್ವಿಚ್ಚನ್ನು ಕೈಯಿಂದ ಕೆಳಗಿಳಿಸಿ ಕಾಯಿಲ್ ಆರುತ್ತದೆಯೇ ನೋಡಿ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಬೀಳುತ್ತದೆಯೇ ನೋಡಿ. ಆ ಗೋಡೆಯ ಬರಹ ಅಳಿಸಬೇಡಿ. ಮುಂದೆ ಎಂದಾದರೂ ಒಂದು ದಿನ 55ಕ್ಕೆ ಬರಲು ಅರ್ಧ ತಾಸು ಹೆಚ್ಚಿಗೆ ಹಿಡಿದರೆ, ಏನೋ ಬದಲಾಗಿದೆ ಎಂದರ್ಥ, ವೋಲ್ಟೇಜು, ಮುಚ್ಚಳ, ಕಾಯಿಲ್ ಎಲ್ಲವನ್ನೂ ಒಮ್ಮೆ ನೋಡಿ. ಕಾಯಿಲಿಗೆ ಸುಣ್ಣ ಕಟ್ಟಿದ್ದರೆ ವಿನಿಗರಿನಲ್ಲಿ ಒಂದು ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಉಜ್ಜಿ ತೊಳೆಯಿರಿ.